ಎಡಗೈಯಲ್ಲಿ ಎಳೆದ ಗೆರೆ

ಚಿಕ್ಕಜಾಲದ ರಾಣಿಯ ಬಲಗೈ ಪವರ್ ಪ್ರೆಸ್ಸಿಗೆ ಸಿಕ್ಕಿದ್ದು 2010ರ ಮಳೆಗಾಲದಲ್ಲಿ. ಆಗ ಅವಳಿಗೆ ಇಪ್ಪತ್ತಾರು. ಯಶವಂತಪುರದ ಒಂದು ಸಣ್ಣ ಶೆಡ್ಡಿನಲ್ಲಿ ಸ್ಕೂಟರಿನ ಬ್ರಾಕೆಟ್ಟುಗಳನ್ನು ಬಗ್ಗಿಸುವ ಕೆಲಸ ಅವಳದು. ತಗಡಿನ ತುಂಡನ್ನು ಕೆಳಗಿನ ಅಚ್ಚಿನ ಮೇಲೆ ಇಡಬೇಕು, ಎರಡು ಕೈಯಲ್ಲೂ ಎರಡು ಗುಂಡಿ ಒತ್ತಬೇಕು, ಆಗ ಮೇಲಿನ ಅಚ್ಚು ಧಡ್ ಎಂದು ಇಳಿದು ತಗಡನ್ನು ಬಗ್ಗಿಸಿ ವಾಪಸ್ಸು ಹೋಗುತ್ತದೆ. ಎರಡೂ ಕೈ ಗುಂಡಿಯ ಮೇಲಿದ್ದರೆ ಅಚ್ಚಿನ ಬಾಯಲ್ಲಿ ಯಾವ ಕೈಯೂ ಇರುವುದಿಲ್ಲ ಅನ್ನುವುದು ಮೆಷಿನ್ ಮಾಡಿದವರ ಲೆಕ್ಕ. ಆದರೆ ಹಾಗೆ ಮಾಡಿದರೆ ಕೆಲಸ ಓಡುವುದಿಲ್ಲ. ಹಾಗಾಗಿ ಆ ಶೆಡ್ಡಿನಲ್ಲಿ ಎಲ್ಲರೂ ಒಂದು ಗುಂಡಿಯನ್ನು ಬಟ್ಟೆಚೂರಿನಿಂದ ಒತ್ತಿ ಕಟ್ಟಿಬಿಡುತ್ತಿದ್ದರು. ರಾಣಿಯೂ ಕಟ್ಟಿದ್ದಳು. ಕಟ್ಟು ಅಂತ ಯಾರೂ ಹೇಳಿರಲಿಲ್ಲ, ಬೇಡ ಅಂತಲೂ ಯಾರೂ ಹೇಳಿರಲಿಲ್ಲ.

ತೋರುಬೆರಳು, ನಡುಬೆರಳು, ಉಂಗುರದ ಬೆರಳು ಹೋದವು. ಹೆಬ್ಬೆರಳು, ಕಿರುಬೆರಳು ಉಳಿದವು. ಕಿರುಚಿದ್ದು ಪಕ್ಕದ ಮೆಷಿನ್ನಿನ ಹೆಂಗಸು. ರಾಣಿ ಕರೆಂಟು ಆಫ್ ಮಾಡಿ ಅಂತಷ್ಟೇ ಹೇಳಿದಳಂತೆ, ಅದೂ ಮೆಲ್ಲಗೆ. ಆಮೇಲೆ ಆಸ್ಪತ್ರೆಯಲ್ಲಿ ತೊಡೆಯ ಚರ್ಮ ತೆಗೆದು ಅಂಗೈಯ ಮೇಲ್ಭಾಗಕ್ಕೂ ಹೆಬ್ಬೆರಳ ಒಳಬದಿಗೂ ಹಚ್ಚಿದರು. ಚರ್ಮ ಚೆನ್ನಾಗಿ ಕೂಡಿಕೊಂಡಿತು, ಆದರೆ ಅಲ್ಲಿ ಸ್ಪರ್ಶ ಮಾತ್ರ ಬರಲಿಲ್ಲ. ಬಿಸಿ ಲೋಟ ಇಟ್ಟರೂ ಗೊತ್ತಾಗದು, ಸೂಜಿ ಚುಚ್ಚಿದರೂ ಗೊತ್ತಾಗದು.

ಮನೆಯಲ್ಲಿ ತಾಯಿ ಮುನಿಗಂಗಮ್ಮ, ಅಣ್ಣ ಆಂಜಿನಪ್ಪ, ಅತ್ತಿಗೆ, ಅವರ ಚಿಕ್ಕ ಮಕ್ಕಳು. ಆಂಜಿನಪ್ಪ ಏರ್‌ಪೋರ್ಟಿನ ಕಡೆಗೆ ಸಾಮಾನು ಸಾಗಿಸುವ ಟೆಂಪೋ ಓಡಿಸುತ್ತಿದ್ದ. ನೋಡಲು ಬಂದ ನೆಂಟರು ಬಾಗಿಲಲ್ಲೇ ಅಳಲು ಶುರು ಮಾಡುತ್ತಿದ್ದರು. ರಾಣಿ ಅವರು ಅತ್ತು ಮುಗಿಸುವ ತನಕ ಕಾದು, ಎಡಗೈಯಲ್ಲಿ ನೀರು ತಂದುಕೊಡುತ್ತಿದ್ದಳು. ಬೇಜಾರಾಗುತ್ತಾ ಅಂತ ಕೇಳಿದರೆ ಇಲ್ಲ ಅನ್ನುತ್ತಿದ್ದಳು. ಸುಳ್ಳಲ್ಲ, ಅವಳಿಗೆ ನಿಜಕ್ಕೂ ಏನೂ ಅನಿಸುತ್ತಿರಲಿಲ್ಲ. ದೇವನಹಳ್ಳಿ ಕಡೆಯ ಒಂದು ಗಂಡಿನ ಮಾತುಕತೆ ನಡೆಯುತ್ತಿತ್ತು, ಅದು ನಿಂತುಹೋಯಿತು. ನಿಂತಿತು ಅಂತ ಅವಳಿಗೆ ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಹಗಲು ಹೊತ್ತು ಜಗಲಿಯ ಮೇಲೆ ಕೂತು, ಹೆದ್ದಾರಿಯಲ್ಲಿ ಏರ್‌ಪೋರ್ಟ್ ಕಾರುಗಳು ಹೋಗುವುದನ್ನು ನೋಡುತ್ತಿದ್ದಳು. ಸಂಜೆಯಾದರೆ ಅತ್ತಿಗೆ ಒಳಗೆ ಬಾ ಅನ್ನುತ್ತಿದ್ದಳು, ಎದ್ದು ಒಳಗೆ ಹೋಗುತ್ತಿದ್ದಳು.

ಹೀಗೇ ಒಂದು ವರ್ಷ ಹೋಯಿತು. ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಹೇಳಿಕೊಡುತ್ತಿದ್ದ ನರ್ಸಮ್ಮ ಆಂಜಿನಪ್ಪನಿಗೆ ಒಂದು ಸಂಸ್ಥೆಯ ವಿಳಾಸ ಕೊಟ್ಟಿದ್ದರು. ಆರ್.ಟಿ. ನಗರದಲ್ಲಿ ಅಂಗವಿಕಲರಿಗೆ ಇಂಜಿನಿಯರಿಂಗ್ ಡ್ರಾಯಿಂಗು, ಕಂಪ್ಯೂಟರಿನಲ್ಲಿ ನಕ್ಷೆ ಮಾಡುವುದು ಕಲಿಸುತ್ತಾರೆ, ಹತ್ತನೇ ಕ್ಲಾಸು ಪಾಸಾಗಿದ್ದರೆ ಸಾಕು ಅಂತ. ಒಂದು ಬೆಳಗ್ಗೆ ಆಂಜಿನಪ್ಪ ಟೆಂಪೋ ಸ್ಟಾರ್ಟ್ ಮಾಡಿ, ಹತ್ತು ಅಂದ. ಎಲ್ಲಿಗೆ ಅಂತ ಕೇಳದೆ ರಾಣಿ ಹತ್ತಿ ಕೂತಳು. ಹೆಬ್ಬಾಳ ದಾಟಿದ ಮೇಲೆ ಅವನೇ ಹೇಳಿದ.

ಅಲ್ಲಿ ಪಾಠ ಮಾಡುತ್ತಿದ್ದವರು ವಿರೂಪಾಕ್ಷ ಅಂತ, ಗದಗಿನ ಕಡೆಯವರು, ಐವತ್ತು ದಾಟಿದವರು. ದೊಡ್ಡ ಕಾರ್ಖಾನೆಯೊಂದರ ಡ್ರಾಯಿಂಗ್ ಸೆಕ್ಷನ್ನಿನಲ್ಲಿ ಬೋರ್ಡಿನ ಮೇಲೆ ಕೆಲಸ ಮಾಡಿ, ಕಂಪ್ಯೂಟರ್ ಬಂದಾಗ ಅದನ್ನೂ ಕಲಿತು, ಸ್ವಂತ ಇಚ್ಛೆಯಿಂದ ನಿವೃತ್ತಿ ತೆಗೆದುಕೊಂಡು ಇಲ್ಲಿಗೆ ಬಂದಿದ್ದರು. ಮೊದಲ ದಿನವೇ ಕಂಪ್ಯೂಟರ್ ಮುಂದೆ ಕೂರಿಸುತ್ತಾರೆ ಅಂದುಕೊಂಡಿದ್ದ ಹುಡುಗರಿಗೆಲ್ಲ ಅವರು ಕೊಟ್ಟದ್ದು ಹಾಳೆ, ಪೆನ್ಸಿಲ್ಲು, ಟಿ-ಸ್ಕ್ವೇರು, ಸೆಟ್ ಸ್ಕ್ವೇರು. ಕೈಯಾಗ ಗೆರೆ ಕೂತ ಮ್ಯಾಲೆ ಕಂಪ್ಯೂಟರ್, ಅಲ್ಲೀತನಕ ಅದರ ಕೋಣೆಗೆ ಬೀಗ ಅಂದರು.

ರಾಣಿಯ ಪಕ್ಕದ ಮೇಜಿನಲ್ಲಿ ಹಬೀಬುಲ್ಲಾ ಕೂರುತ್ತಿದ್ದ. ಎರಡೂ ಕಾಲಿಗೆ ಪೋಲಿಯೋ, ಊರುಗೋಲು, ನಾಲಿಗೆಗೆ ಮಾತ್ರ ಬಿಡುವಿಲ್ಲ. ಅವನ ಮಾತಿಗೆ ಕ್ಲಾಸೆಲ್ಲ ನಗುತ್ತಿತ್ತು. ರಾಣಿ ನಗುತ್ತಿರಲಿಲ್ಲ. ಅವನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುತ್ತಲೂ ಇರಲಿಲ್ಲ.

ಬರೆಯುವ ಕೈ ಹೋಗಿತ್ತು, ಆದ್ದರಿಂದ ಪೆನ್ಸಿಲ್ಲು ಎಡಗೈಗೆ ಬಂತು. ಅಡ್ಡಗೆರೆಯನ್ನು ಎಡದಿಂದ ಬಲಕ್ಕೆ ಎಳೆದರೆ ಕೈಯೇ ಗೆರೆಯ ಮೇಲೆ ಜಾರಿ ಹಾಳೆಯೆಲ್ಲ ಮಸಿ. ಬಲಗೈಯಲ್ಲಿ ಸೆಟ್ ಸ್ಕ್ವೇರ್ ಒತ್ತಿ ಹಿಡಿಯಬೇಕು. ಒತ್ತಿದೆಯೋ ಇಲ್ಲವೋ ಆ ಚರ್ಮಕ್ಕೆ ತಿಳಿಯದು. ಒತ್ತಿದ್ದೇನೆ ಅಂತ ಅವಳು ಅಂದುಕೊಂಡಿರುವಾಗಲೇ ಸ್ಕ್ವೇರು ಸರಿದುಹೋಗಿ ಗೆರೆ ಸೊಟ್ಟಗಾಗುತ್ತಿತ್ತು. ಅಳಿಸುವಳು, ಮತ್ತೆ ಎಳೆಯುವಳು. ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಹಾಳೆ ತೂತು ಬಿದ್ದರೆ ಇನ್ನೊಂದು ಹಾಳೆ ತೆಗೆದುಕೊಳ್ಳುವಳು.

ಕೆಲವು ದಿನ ಸುಮ್ಮನೆ ನೋಡಿದ ವಿರೂಪಾಕ್ಷ ಒಂದು ಮಧ್ಯಾಹ್ನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತರು. ಬಲದಿಂದ ಎಡಕ್ಕೆ ಎಳೆಯಲು ಹೇಳಿದರು, ಕೈ ಕೆಳಗೆ ಬಿಳಿ ಕಾಗದ ಇಟ್ಟುಕೊಳ್ಳಲು ಹೇಳಿದರು. ಆಮೇಲೆ ಅವಳ ಬಲಗೈಯ ಹೆಬ್ಬೆರಳನ್ನು ತೋರಿಸಿ, "ತಂಗಿ, ಇದನ್ನ ನೋಡಕೋತ ಒತ್ತ್ರಿ. ಉಗುರು ಬೆಳ್ಳಗಾತಂದ್ರ ಹಿಡಿತ ಬಂದದ ಅಂತ ತಿಳೀರಿ. ಕೈಗೆ ತಿಳೀದಿದ್ರ ಕಣ್ಣಿಗೆ ತಿಳೀತದ" ಅಂದರು.

ಒತ್ತಿ ನೋಡಿದಳು. ಉಗುರು ಗುಲಾಬಿಯಿಂದ ಬಿಳಿಗೆ ತಿರುಗಿತು. ಸ್ಕ್ವೇರು ಅಲ್ಲಾಡಲಿಲ್ಲ. ಅಂದು ಹಾಳೆಯ ಮೇಲೆ ಬಿದ್ದ ಗೆರೆಗಳು ನೆಟ್ಟಗಿದ್ದವು. ವಿರೂಪಾಕ್ಷ ಖುಷಿಪಟ್ಟರು. ಅವಳು ಮುಂದಿನ ಹಾಳೆ ಹಾಕಿದಳು.

ಅಲ್ಲಿಂದ ಕಲಿಕೆ ಮೆಲ್ಲಗೆ ಮುಂದೆ ಹೋಯಿತು. ಗೆರೆಯಲ್ಲೇ ಎಷ್ಟು ಬಗೆ ಅಂತ ತಿಳಿಯಿತು. ಕಣ್ಣಿಗೆ ಕಾಣುವ ಅಂಚಿಗೆ ದಪ್ಪಗೆರೆ, ಮರೆಯಲ್ಲಿರುವ ಅಂಚಿಗೆ ತುಂಡುಗೆರೆ, ನಡುವನ್ನು ತೋರಿಸಲು ಉದ್ದ ಗಿಡ್ಡ ಬೆರೆತ ತೆಳುಗೆರೆ. ಒಂದು ವಸ್ತುವನ್ನು ಎದುರಿನಿಂದ, ಮೇಲಿನಿಂದ, ಪಕ್ಕದಿಂದ ಬೇರೆ ಬೇರೆಯಾಗಿ ಬರೆಯುವುದು ಹೇಗೆ ಅಂತ ತೋರಿಸಲು ವಿರೂಪಾಕ್ಷ ಬಟ್ಟೆ ಸೋಪಿನ ಬಿಲ್ಲೆಗಳನ್ನು ಚಾಕುವಿನಲ್ಲಿ ಕೊರೆದು ತರುತ್ತಿದ್ದರು. ಉಳಿದವರು ಸೋಪನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ರಾಣಿ ಅದನ್ನು ಮೇಜಿನ ಮೇಲಿಟ್ಟು, ತಾನೇ ಎದ್ದು ಅದರ ಸುತ್ತ ಹೋಗಿ ಬಗ್ಗಿ ನೋಡುತ್ತಿದ್ದಳು. ಬೇಗನೇ ಅವಳಿಗೆ ವಸ್ತುವಿನ ಹಿಂಬದಿ ನೋಡದೆಯೂ ತಿಳಿಯತೊಡಗಿತು. ಅದು ಅವಳಿಗೆ ಇಷ್ಟವಾಯಿತು ಅಂತ ಹೇಳಲಾಗದು. ಆದರೆ ಡ್ರಾಯಿಂಗಿನಲ್ಲಿ ತಲೆ ಇಟ್ಟಾಗ ಹೊತ್ತು ಹೋಗುತ್ತಿತ್ತು, ಅಷ್ಟು ನಿಜ.

ಸೆಕ್ಷನ್ ಪಾಠದ ದಿನ ಒಂದು ಸಣ್ಣ ಇರುಸುಮುರುಸು ನಡೆಯಿತು. ವಸ್ತುವಿನ ಒಳಗೆ ಏನಿದೆ ಅಂತ ತೋರಿಸಲು ಅದನ್ನು ಕಲ್ಪನೆಯಲ್ಲಿ ಕತ್ತರಿಸಿ ಬರೆಯುವುದಕ್ಕೆ ಸೆಕ್ಷನ್ ಅನ್ನುತ್ತಾರೆ. ಇಲ್ಲಿ ಬ್ಲೇಡು ಇಳಿದು ಈ ಭಾಗ ಕತ್ತರಿಸಿ ಬಿತ್ತು ಅಂತ ತಿಳೀರಿ, ಅಂತ ಹೇಳುತ್ತಾ ಹೋದ ವಿರೂಪಾಕ್ಷ ನಡುವೆ ರಾಣಿಯ ಕೈ ಕಂಡು ಮಾತು ನಿಲ್ಲಿಸಿಬಿಟ್ಟರು. ಇಡೀ ಕ್ಲಾಸು ಅವಳ ಕಡೆ ತಿರುಗಿತು. ರಾಣಿ ತಲೆಯೆತ್ತಿ, ಕತ್ತರಿಸಿದ ಜಾಗಕ್ಕೆ ಓರೆಗೆರೆ ಎಷ್ಟು ಡಿಗ್ರಿಯಲ್ಲಿ ಹಾಕಬೇಕು ಸಾರ್ ಅಂತ ಕೇಳಿದಳು. ನಲವತ್ತೈದು ಅಂದರು. ಬರೆದುಕೊಂಡಳು.

ಕಂಪ್ಯೂಟರ್ ಕೋಣೆಯ ಬೀಗ ತೆಗೆದಾಗ ಅವಳಿಗೆ ಕೆಲಸ ಸುಲಭವಾಯಿತು. ಮೌಸನ್ನು ಎಡಗಡೆ ಇಟ್ಟುಕೊಂಡಳು, ಬಲಗೈಯ ಕಿರುಬೆರಳು ಹೆಬ್ಬೆರಳು ಕೀಲಿ ಒತ್ತಲು ಸಾಕಾಗುತ್ತಿದ್ದವು. ಎಲ್ ಒತ್ತಿದರೆ ಲೈನು, ಸಿ ಒತ್ತಿದರೆ ಸರ್ಕಲ್ಲು. ಇಲ್ಲಿ ಗೆರೆ ಸೊಟ್ಟಗಾಗುವ ಮಾತೇ ಇಲ್ಲ, ಮಸಿಯೂ ಇಲ್ಲ. ಹಬೀಬುಲ್ಲಾ ಗೆರೆಗೊಂದು ಬಣ್ಣ ಹಾಕಿ ಪರದೆಯನ್ನು ಮದುವೆ ಚಪ್ಪರದ ಹಾಗೆ ಮಾಡಿ ಬೈಸಿಕೊಳ್ಳುತ್ತಿದ್ದ. ರಾಣಿ ವಿರೂಪಾಕ್ಷ ಹೇಳಿದ ಬಣ್ಣಗಳನ್ನಷ್ಟೇ ಹಾಕುತ್ತಿದ್ದಳು. ಅವಳ ಡ್ರಾಯಿಂಗಿನಲ್ಲಿ ತಪ್ಪು ಹುಡುಕುವುದು ದಿನದಿಂದ ದಿನಕ್ಕೆ ಕಷ್ಟವಾಯಿತು. ಬೋರ್ಡಿನ ಮೇಲೆ ಕಷ್ಟಪಟ್ಟದ್ದು ವೇಸ್ಟಾಯಿತಲ್ಲ ಸಾರ್ ಅಂತ ಹಬೀಬುಲ್ಲಾ ಒಂದು ದಿನ ಕೇಳಿದ. ಕಂಪ್ಯೂಟರಿಗೆ ಗೆರೆ ಗೊತ್ತದ, ವಸ್ತು ಗೊತ್ತಿಲ್ಲ, ಅದು ನಿಮಗ ಗೊತ್ತಿರಬೇಕು ಅಂತ ವಿರೂಪಾಕ್ಷ ಉತ್ತರ ಕೊಟ್ಟರು.

ಕೋರ್ಸು ಮುಗಿದ ಮೇಲೆ, 2012ರಲ್ಲಿ, ಅವಳನ್ನು ಕೆಲಸಕ್ಕೆ ತೆಗೆದುಕೊಂಡವರು ಯೋಗಾನಂದ. ಬ್ಯಾಟರಾಯನಪುರದಲ್ಲಿ ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಅವರ ಆಫೀಸು, ನಾಲ್ಕು ಕಂಪ್ಯೂಟರು. ಸಣ್ಣ ಕಾರ್ಖಾನೆಗಳಿಗೆ ಅಚ್ಚು ಡಿಸೈನ್ ಮಾಡಿಕೊಡುವ ಕೆಲಸ. ಅಂದರೆ ಪ್ರೆಸ್ ಮೆಷಿನ್ನಿಗೆ ಕೂರಿಸುವ ಅಚ್ಚುಗಳೇ. ಇದನ್ನು ಕೇಳಿದ ವಿರೂಪಾಕ್ಷ ಬೇರೆ ಕಡೆ ನೋಡೋಣೇನು ಅಂತ ಕೇಳಿದರು. ರಾಣಿ ಬೇಡ ಸಾರ್, ಇದೇ ಇರಲಿ ಅಂದಳು. ಚಿಕ್ಕಜಾಲದಿಂದ ಒಂದೇ ಬಸ್ಸು, ನಡುವೆ ಇಳಿದು ಹತ್ತುವ ರಗಳೆಯಿಲ್ಲ. ಅವಳು ಕೊಟ್ಟ ಕಾರಣ ಅಷ್ಟೇ.

ಮೂರು ವರ್ಷ ಅವಳು ಅಚ್ಚುಗಳನ್ನು ಬರೆದಳು. ಮೇಲಿನದು, ಕೆಳಗಿನದು, ನಡುವೆ ಬರುವ ಪ್ಲೇಟು, ಬೋಲ್ಟಿನ ತೂತು, ಅಳತೆ, ಅಳತೆಯಲ್ಲಿ ಎಷ್ಟು ಹೆಚ್ಚುಕಮ್ಮಿ ನಡೆಯುತ್ತದೆ ಅನ್ನುವುದು. ಆಫೀಸಿನಲ್ಲಿ ಯಾರೂ ಅವಳ ಕೈ ವಿಷಯ ಎತ್ತುತ್ತಿರಲಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚಿ ಸ್ಪೂನಿನಲ್ಲಿ ಊಟ ಮಾಡುವಳು, ಸಂಜೆ ಬಸ್ಸು ಹಿಡಿಯುವಳು. ಮನೆಯಲ್ಲಿ ಸೀರಿಯಲ್ ನೋಡುತ್ತಾ ತಾಯಿ ಏನಾದರೂ ಕೇಳಿದರೆ ಹೂಂ, ಇಲ್ಲ ಅನ್ನುವಳು. ಕೆಲಸಕ್ಕೆ ಹೋಗ್ತಾಳಲ್ಲ, ಸರಿಹೋಗಿದ್ದಾಳೆ ಅಂತ ಎಲ್ಲರೂ ತಿಳಿದಿದ್ದರು. ಮುನಿಗಂಗಮ್ಮನಿಗೊಬ್ಬಳಿಗೆ ಆ ನಂಬಿಕೆ ಇರಲಿಲ್ಲ. ಹಬ್ಬಕ್ಕೆ ಹೊಸ ಸೀರೆ ಕೊಟ್ಟರೂ ಮಗಳು ಅದನ್ನು ಹಳೆಯದನ್ನು ಮಡಿಸಿಟ್ಟ ಹಾಗೆಯೇ ಸುಮ್ಮನೆ ಮಡಿಸಿಡುವುದನ್ನು ಅವಳು ನೋಡಿದ್ದಳು.

2015ರಲ್ಲಿ ಒಂದು ದಿನ, ಕಾರ್ಖಾನೆಗಳಿಗೆ ಹೋಗಿ ಅಳತೆ ತರುವ ಹುಡುಗ ರಜೆ ಹಾಕಿದ್ದ. ಯಶವಂತಪುರದ ಒಂದು ಶೆಡ್ಡಿನಲ್ಲಿ ಅಚ್ಚೊಂದು ಮುರಿದಿತ್ತು, ಹಳೆಯದು, ಅದರ ಡ್ರಾಯಿಂಗ್ ಯಾರ ಹತ್ತಿರವೂ ಇರಲಿಲ್ಲ. ಹೋಗಿ ಅಳತೆ ತೆಗೆದುಕೊಂಡು ಬರಬೇಕಿತ್ತು. ಯೋಗಾನಂದ ಹಿಂದುಮುಂದು ನೋಡಿ, ನಿಮಗೆ ಆಗುತ್ತೇನಮ್ಮ ಅಂತ ಕೇಳಿದರು. ಅವಳು ಅಳತೆ ತೆಗೆಯುವ ವರ್ನಿಯರನ್ನು ಬ್ಯಾಗಿಗೆ ಹಾಕಿಕೊಂಡು ಹೊರಟಳು.

ಅವಳು ಕೆಲಸ ಮಾಡುತ್ತಿದ್ದ ಶೆಡ್ಡು ಅದಲ್ಲ, ಆದರೆ ಅಂಥದ್ದೇ. ಅದೇ ಎಣ್ಣೆ ವಾಸನೆ, ಅದೇ ಸದ್ದು. ಒಳಗೆ ಹೋದರೆ ಏನಾದರೂ ಆಗಬಹುದು ಅಂತ ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ಏನೂ ಆಗಲಿಲ್ಲ. ಮೂಲೆಯಲ್ಲಿಟ್ಟಿದ್ದ ಮುರಿದ ಅಚ್ಚಿನ ಮುಂದೆ ಕೂತು, ಅಳೆದು ಅಳೆದು ಬರೆದುಕೊಂಡಳು. ಎದುರಿಗೆ ಒಬ್ಬ ಹೆಂಗಸು ಪ್ರೆಸ್ಸಿನ ಮುಂದೆ ಕೂತು ಕೆಲಸ ಮಾಡುತ್ತಿದ್ದಳು, ನಲವತ್ತರ ಆಸುಪಾಸು, ಮುಡಿಯಲ್ಲಿ ಕನಕಾಂಬರ. ಎಡಗೈಯಲ್ಲಿ ತಗಡು ಇಡುತ್ತಾಳೆ, ಬಲಗೈಯಲ್ಲಿ ಗುಂಡಿ ಒತ್ತುತ್ತಾಳೆ. ಇನ್ನೊಂದು ಗುಂಡಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಕಟ್ಟಿತ್ತು.

ಅಳತೆ ಮುಗಿದ ಮೇಲೆ ರಾಣಿ ಅವಳ ಹತ್ತಿರ ಹೋಗಿ ನಿಂತಳು. ಮೆಷಿನ್ ನಿಂತಿತು. ಪಟ್ಟಿ ಬಿಚ್ಚಿ ಕೆಲಸ ಮಾಡಕ್ಕ ಅಂದಳು. ಹೆಂಗಸು ನಕ್ಕು, ಬಿಚ್ಚಿದ್ರೆ ಸಂಜೆಗೆ ಪೀಸು ಮುಗಿಯಲ್ಲ ಕಣಮ್ಮ ಅಂದಳು. ರಾಣಿ ದುಪಟ್ಟಾದ ಕೆಳಗಿದ್ದ ಬಲಗೈಯನ್ನು ಹೊರಗೆ ತೆಗೆದು ಮೆಷಿನ್ನಿನ ಮೇಲಿಟ್ಟಳು. ಹೆಂಗಸು ಆ ಕೈಯನ್ನು ನೋಡಿದಳು, ಆಮೇಲೆ ಅತ್ತ ನಿಂತಿದ್ದ ಸೂಪರ್‌ವೈಸರನ್ನು ನೋಡಿದಳು, ಆಮೇಲೆ ಇನ್ನೊಂದು ತಗಡು ಎತ್ತಿಕೊಂಡಳು.

ವಾಪಸ್ಸು ಬರುವಾಗ ಬಸ್ಸು ಹೆಬ್ಬಾಳದ ಮೇಲ್ಸೇತುವೆಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿ ನಿಂತಿತು. ಇಲ್ಲದ ಬೆರಳುಗಳು ನೋಯಲು ಶುರುವಾದವು. ಇಷ್ಟು ವರ್ಷ ನೋಯದ ಜಾಗ. ಮೂರೂ ಬೆರಳು ಮಡಿಸಿ ಹಿಡಿದ ಹಾಗೆ, ಬಿಡಿಸಲು ಆಗದ ಹಾಗೆ. ಅವಳು ಎಡಗೈಯಿಂದ ಆ ಜಾಗವನ್ನು ಒತ್ತಿ ಹಿಡಿದಳು. ಅಲ್ಲಿ ಹಿಡಿಯಲು ಏನೂ ಇರಲಿಲ್ಲ. ಪಕ್ಕದ ಸೀಟಿನಲ್ಲಿದ್ದ ಮುದುಕಿ, ನಿಂತಿದ್ದ ಅವಳನ್ನು ಸೀಟು ಬೇಕೇನವ್ವ ಅಂತ ಕೇಳಿದಳು, ಬೇಡ ಅಂದಳು.

ಮಾರನೇ ದಿನ ಮುರಿದ ಅಚ್ಚಿನ ಡ್ರಾಯಿಂಗ್ ಮುಗಿಸಿದ ಮೇಲೆ, ಅದಕ್ಕೆ ಇನ್ನೊಂದು ಹಾಳೆ ಸೇರಿಸಿದಳು. ಯಾರೂ ಕೇಳಿರದ ಒಂದು ಭಾಗ. ಅಚ್ಚಿನ ಮುಂದೆ ಎರಡು ಹಳಿ, ಹಳಿಯ ಮೇಲೆ ಜಾರುವ ಒಂದು ತಟ್ಟೆ, ತಟ್ಟೆಗೊಂದು ಹಿಡಿ. ತಗಡನ್ನು ಹೊರಗಡೆಯೇ ತಟ್ಟೆಯಲ್ಲಿ ಕೂರಿಸಿ ಒಳಕ್ಕೆ ನೂಕಿದರಾಯಿತು, ಬೆರಳು ಅಚ್ಚಿನ ಬಾಯಿಗೆ ಹೋಗುವ ಕೆಲಸವಿಲ್ಲ. ಯೋಗಾನಂದ ಪರದೆಯ ಮೇಲೆ ಅದನ್ನು ತಿರುಗಿಸಿ ನೋಡಿದರು.

"ಗಿರಾಕಿ ಕೇಳಿಲ್ವಲ್ಲಮ್ಮ ಇದನ್ನ."

"ಕೇಳಿಲ್ಲ ಸಾರ್."

"ಮಾಡಿಸೋಕೆ ಖರ್ಚು ಬರುತ್ತೆ, ಬೇಡ ಅಂದ್ರೆ?"

"ಅಂದ್ರೆ ಬಿಡ್ಲಿ. ಡ್ರಾಯಿಂಗ್ ಮಾತ್ರ ಹೋಗ್ಲಿ ಸಾರ್."

ಅವರು ಇನ್ನಷ್ಟು ಹೊತ್ತು ನೋಡಿದರು. ಹಳಿ ಹೀಗಿದ್ದರೆ ತಟ್ಟೆ ಸಿಕ್ಕಿಕೊಳ್ಳುತ್ತದೆ, ಮೇಲಿನ ಅಚ್ಚು ಇಳಿಯುವಾಗ ತಟ್ಟೆಗೆ ತಗಲುತ್ತದೆ ಅಂತ ಎರಡು ತಪ್ಪು ತೋರಿಸಿ, ಪಕ್ಕದಲ್ಲಿ ಕೂತು ತಾವೇ ತಿದ್ದಿಸಿದರು. ಡ್ರಾಯಿಂಗ್ ಹೋಯಿತು.

ಆ ಶೆಡ್ಡಿನವರು ತಟ್ಟೆ ಮಾಡಿಸಿದರು. ಕೆಲವು ತಿಂಗಳಾದ ಮೇಲೆ ರಾಣಿ ಬೇರೆ ಕೆಲಸಕ್ಕೆ ಅಲ್ಲಿಗೆ ಹೋದಾಗ ಅದು ರ್‍ಯಾಕಿನ ಮೇಲೆ ಧೂಳು ತಿನ್ನುತ್ತಿತ್ತು. ನಿಧಾನ ಆಗುತ್ತೆ ಮೇಡಂ ಅಂತ ಸೂಪರ್‌ವೈಸರ್ ಹೇಳಿದ. ಕನಕಾಂಬರದ ಹೆಂಗಸು ಅದೇ ಪ್ರೆಸ್ಸಿನ ಮುಂದೆ ಕೂತಿದ್ದಳು, ಹತ್ತು ಬೆರಳೂ ಇದ್ದವು, ಟ್ಯೂಬಿನ ಪಟ್ಟಿಯೂ ಇತ್ತು. ರಾಣಿಯನ್ನು ಕಂಡು ತಲೆ ಅಲ್ಲಾಡಿಸಿ ನಕ್ಕಳು. ರಾಣಿ ತಾನು ಬಂದ ಕೆಲಸ ಮುಗಿಸಿ ಹೊರಟಳು. ಆದರೆ ಕೈಯಲ್ಲಿ ತಗಡು ಇಡುವ ಯಾವ ಅಚ್ಚಿನ ಕೆಲಸ ಬಂದರೂ ಅದಕ್ಕೊಂದು ತಟ್ಟೆಯ ಹಾಳೆ ಸೇರಿಸುವುದನ್ನು ಬಿಡಲಿಲ್ಲ. ಕೆಲವರು ಮಾಡಿಸಿದರು, ಹೆಚ್ಚಿನವರು ಮಾಡಿಸಲಿಲ್ಲ. ಯಲಹಂಕದ ಒಂದು ಕಾರ್ಖಾನೆಯಲ್ಲಿ ಅದನ್ನೇ ಬಳಸುತ್ತಿದ್ದಾರೆ ಅಂತ ಯೋಗಾನಂದ ಒಮ್ಮೆ ಹೇಳಿದರು. ಹೌದಾ ಸಾರ್ ಅಂದಳು. ಆ ದಿನ ಬಸ್ಸಿನಲ್ಲಿ ಎರಡು ಸಲ ಅದೇ ನೆನಪಾಯಿತು.

ಬೆರಳ ನೋವು ಆಮೇಲೆ ಆಗಾಗ ಬರುತ್ತಿತ್ತು. ಡಾಕ್ಟರು ನರದ ಮಾತ್ರೆ ಕೊಟ್ಟರು. ನೋವು ಬಂದಾಗ ಅವಳು ಮುಖ ಗಂಟಿಕ್ಕುತ್ತಿದ್ದಳು, ಯಾರಾದರೂ ಹತ್ತಿರ ಬಂದರೆ ಗದರುತ್ತಿದ್ದಳು. ಅವಳು ಗದರಿದ್ದು ಕೇಳಿ ಮುನಿಗಂಗಮ್ಮನಿಗೆ ಒಳಗೊಳಗೇ ಸಮಾಧಾನವಾಯಿತು.

2018ರ ಕೊನೆಯಲ್ಲಿ ಆಂಜಿನಪ್ಪ ಹಳೇ ಹೆಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟಲು ಹೊರಟ. ಪ್ಲಾನನ್ನು ನೀನೇ ಹಾಕಿಕೊಡು, ಊರೋರ್ದೆಲ್ಲ ಹಾಕ್ತೀಯ ಅಂದ. ತಾನು ಹಾಕುವುದು ಅಚ್ಚಿನ ಡ್ರಾಯಿಂಗು, ಮನೆಯದಲ್ಲ ಅಂದರೂ ಕೇಳಲಿಲ್ಲ. ಅವಳು ಹಗ್ಗ ಹಿಡಿದು ಜಾಗ ಅಳೆದಳು, ಆಫೀಸಿನಲ್ಲಿ ಊಟದ ಹೊತ್ತಿನಲ್ಲಿ ಕೂತು ಬರೆದಳು. ಪ್ರಿಂಟು ತಂದು ಚಾಪೆಯ ಮೇಲೆ ಹಾಸಿದಳು. ಆಂಜಿನಪ್ಪ ಬೆರಳಿಟ್ಟು ನೋಡುತ್ತಾ ಹೋದ. ಇದು ಹಾಲು, ಇದು ಅಡುಗೆಮನೆ, ಇದು ನಮ್ಮ ರೂಮು, ಇದು ಮಕ್ಕಳದ್ದು, ಇದು ಅವ್ವಂದು. ಪೂರ್ವದ ಮೂಲೆಗೆ ಬಂದಾಗ ಬೆರಳು ನಿಂತಿತು.

"ಇದ್ಯಾರ್ದು?"

"ನಂದು" ಅಂದಳು ರಾಣಿ.

ಅತ್ತಿಗೆ ಗಂಡನ ಮುಖ ನೋಡಿದಳು. ರಾಣಿಗೆ ಕಿವಿ ಬಿಸಿಯಾಯಿತು. ಬೇಡ ಅಂದರೆ ತಾನು ಜಗಳಕ್ಕೆ ನಿಲ್ಲುತ್ತೇನೆ ಅಂತ ಅವಳಿಗೆ ಗೊತ್ತಾಯಿತು. ಜಗಳಕ್ಕೆ ಬೇಕಾದ ಮಾತುಗಳೂ ಸಾಲಾಗಿ ಬಾಯಿಗೆ ಬಂದು ನಿಂತವು. ಆಂಜಿನಪ್ಪ ಪ್ರಿಂಟನ್ನು ಇನ್ನೊಂದು ಸಲ ನೋಡಿ, ಕಿಟಕಿ ರಸ್ತೆ ಕಡೆಗೆ ಇಟ್ಟಿದ್ದೀಯಲ್ಲ, ಧೂಳು ಬರಲ್ವಾ ಅಂತಷ್ಟೇ ಕೇಳಿದ. ಬಂದ್ರೆ ಬರ್ಲಿ ಅಂದಳು. ಸಿದ್ಧವಾಗಿದ್ದ ಮಾತುಗಳು ಹಾಗೇ ಉಳಿದವು.

ಪಾಯ ತೋಡುವ ಮೊದಲು ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಗೆರೆ ಹಾಕಿದರು. ಹಗ್ಗ ಹಿಡಿದು ಮೂಲೆಮೂಲೆ ತೋರಿಸಿದವಳು ರಾಣಿಯೇ. ಕಾಗದದ ಮೇಲೆ ಏನೂ ತಿಳಿಯದಿದ್ದ ಮುನಿಗಂಗಮ್ಮ ಗೆರೆಗಳ ನಡುವೆ ಬರಿಗಾಲಲ್ಲಿ ನಡೆದಾಡಿದಳು. ಗೋಡೆಯ ಗೆರೆ ದಾಟದೆ, ಬಾಗಿಲು ಬಿಟ್ಟ ಜಾಗದಲ್ಲೇ ನುಗ್ಗಿ ಹೋದಳು. ಪೂರ್ವದ ಮೂಲೆಗೆ ಬಂದು ಅತ್ತಿತ್ತ ನೋಡಿದಳು.

"ಇಷ್ಟೇನಾ? ಮಂಚ ಆಕಿದ್ರೆ ಬೀರು ಎಲ್ಲವ್ವ ಇಡ್ತೀಯ? ಇಂಗೆ ಒಂದು ಮೊಳ ಸರ್ಸು."

ಸರಿಸಿದರೆ ಹಾಲು ಚಿಕ್ಕದಾಗುತ್ತೆ ಅಂತ ರಾಣಿ ಹೇಳಿದಳು. ಆಗ್ಲಿ ಅಂದಳು ಮುನಿಗಂಗಮ್ಮ. ಆಂಜಿನಪ್ಪ ಆಚೆ ಮೇಸ್ತ್ರಿಯ ಹತ್ತಿರ ಮಾತಾಡುತ್ತಿದ್ದ. ರಾಣಿ ಒಂದು ಗಳಿಗೆ ಅವನ ಬೆನ್ನು ನೋಡಿ, ಕಾಲಿನಿಂದ ಸುಣ್ಣದ ಗೆರೆ ಅಳಿಸಿ, ಎಡಗೈಯಲ್ಲಿ ಪುಡಿ ತೆಗೆದುಕೊಂಡು ಬಗ್ಗಿದಳು.